ಪಟ್ಟಿಯಲ್ಲಿ ಹದಿನೇಳನೆಯ ಮನೆ

ಸಂಪಂಗಿ,
ನಿನ್ನ ಹೆಸರಿನ ಬೆಂಚು ಹಾಕಿದ್ದಾರೆ ಕೆರೆ ಏರಿಯ ಮೇಲೆ.
ಗ್ರಾನೈಟ್. ಮಧ್ಯಾಹ್ನ ಕೂತರೆ ಸುಡುತ್ತದೆ.
ಪಕ್ಕಕ್ಕೊಂದು ಕೊನೊಕಾರ್ಪಸ್ ಗಿಡ.
ನೀನಿದ್ದಿದ್ದರೆ ಆ ರಾತ್ರಿಯೇ ಅದನ್ನು ಕಿತ್ತು
ಹೊಂಗೆ ನೆಟ್ಟು, ಬೆಳಿಗ್ಗೆ
ಏನೂ ಅರಿಯದವನ ಹಾಗೆ ವಾಕಿಂಗ್ ಬರುತ್ತಿದ್ದೆ.

ವಾರ್ಡಿನ ಮುಖಂಡ ಮೈಕು ಹಿಡಿದು
'ಅವರ ಆತ್ಮಕ್ಕೆ ಶಾಂತಿ' ಅಂದ.
ಹಿಂದಿನ ಸಾಲಿನಲ್ಲಿ ನಾನು, ಮೀನು ಮಾರುವ ಜಬೀನಾ,
ಸೆರಗು ಕಚ್ಚಿಕೊಂಡು ನಗು ತಡೆದೆವು.
ಬದುಕಿದ್ದಾಗ ನಿನ್ನ ಆತ್ಮ ಶಾಂತವಾಗಿದ್ದ
ಒಂದು ಸೋಮವಾರವನ್ನಾದರೂ ಆತ ತೋರಿಸಲಿ.
ಸೋಮವಾರ ಎಂದರೆ ಮಾಹಿತಿ ಹಕ್ಕಿನ ಅರ್ಜಿ,
ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು,
ಲಕೋಟೆಗೆ ಗೋಂದಿನ ಬದಲು ಅನ್ನದ ಅಗುಳು.

ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ
ಹಳೇ ನಕಾಶೆಗಳ ಮೇಲೆ ಟ್ರೇಸಿಂಗ್ ಹಾಳೆ ಹಾಸಿ
ಹಳ್ಳ, ಕಟ್ಟೆ, ತೂಬು, ಕೋಡಿ ಎಳೆದವನು ನೀನು.
ನಿವೃತ್ತಿಯ ದಿನ ಹಾರ ಹಾಕಿ ಗೋಡೆ ಗಡಿಯಾರ ಕೊಟ್ಟರು,
ಗೆರೆಗಳನ್ನು ವಾಪಸ್ ಕೇಳಲು ಮರೆತರು.
'ನೋಡು,' ಸಿಗ್ನಲ್ಲಿನಲ್ಲಿ ಸ್ಕೂಟರು ನಿಲ್ಲಿಸಿ ಹೇಳುತ್ತಿದ್ದೆ,
'ಸೊಂಟದ ತನಕ ನೀರಲ್ಲಿದ್ದೀಯ ಈಗ.'
ಹಿಂದಿನ ಆಟೋದವನು ಬೈದರೂ
ಪ್ಯಾಂಟು ಮೇಲೆತ್ತಿಕೊಳ್ಳುವ ನಾಟಕ.
'ನನ್ನ ಹೆಸರಿನ ಕೆರೆಯಲ್ಲಿ ಓಟದ ಪಂದ್ಯ ನಡೆಯುತ್ತೆ.
ನಾನಾದರೂ ಸ್ವಲ್ಪ ಒದ್ದೆಯಾಗಿರಬೇಡವೇನೆ?'

ಜಗಳವನ್ನೂ ಹೇಳಲೇಬೇಕು.
ಹೇಳದಿದ್ದರೆ ಇದೂ ಒಂದು ಗ್ರಾನೈಟ್ ಬೆಂಚು.

ಆ ಸಂಜೆ ನಮ್ಮ ಊಟದ ಮೇಜಿನ ಮೇಲೆ ಹಾಳೆ ಬಿಚ್ಚಿ
ರಾಜಕಾಲುವೆಯ ಮೇಲೆದ್ದ ಮನೆಗಳಿಗೆ
ಕೆಂಪು ಚುಕ್ಕೆ ಇಡುತ್ತಿದ್ದೆ ನೀನು. ನಾನು ಟೀ ಸೋಸುತ್ತಿದ್ದೆ.
ಹದಿನಾರರ ಮೇಲೆ ಪೆನ್ನು ನಿಂತಿತು.
'ಹದಿನೇಳು ನಿಂದು, ವಿಶಾಲು.
ಅಡುಗೆಮನೆ, ಅರ್ಧ ದೇವರಮನೆ.
ಹಾಲ್ ಉಳಿಯುತ್ತೆ.'
ಕ್ರಯಪತ್ರ, ಖಾತೆ, ಕಂದಾಯದ ರಸೀದಿ
ಎಲ್ಲ ತಂದು ಸುರಿದೆ ನಾನು.
ಒಂದೊಂದನ್ನೂ ಓದಿದೆ ನೀನು. ಕನ್ನಡಕ ಒರೆಸಿಕೊಂಡೆ.
'ಎಲ್ಲಾ ಸರಿಯಾಗಿದೆ. ನೀರಿಗೆ ಮಾತ್ರ ತೋರಿಸಿಲ್ಲ.'
ಚುಕ್ಕೆ ಇಟ್ಟು, ಟೀಗೆ ಕೈ ಚಾಚಿದೆ.
ನಾನು ಕೊಡಲಿಲ್ಲ.
ಎಂಟು ತಿಂಗಳು ಮಾತು ಬಿಟ್ಟೆ.

ಮಣ್ಣು ಸುರಿಯುವ ಲಾರಿಯ ಚಕ್ರದ ಮುಂದೆ ಕೂತೆಯಂತೆ,
ಯಾರೋ ನಿನ್ನ ಸ್ಕೂಟರಿಗೆ ಬೆಂಕಿ ಇಟ್ಟರಂತೆ,
ಮೂರು ಬಸ್ಸು ಬದಲಿಸಿ ಕೋರ್ಟಿಗೆ ಅಲೆದೆಯಂತೆ,
ಎಂಟು ತಿಂಗಳ ನಿನ್ನನ್ನು ನಾನು
ಬರೀ ಅಂತೆಗಳಲ್ಲಿ ಕಂಡೆ.
ಒಂಬತ್ತನೆಯ ತಿಂಗಳು ಗೇಟಿನಾಚೆ ನಿನ್ನ ಕೂಗು:
'ಕೆರೆಗೆ ಕೆಂಬರಲು ಬಂದಿದೆ, ಬರ್ತೀಯಾ?'
ಚಪ್ಪಲಿ ಮೆಟ್ಟದೆ ಓಡಿ ಬಂದೆ ನಾನು.
ಒಂದೇ ಒಂದು ಹಕ್ಕಿ. ನೊರೆಯ ಅಂಚಿನಲ್ಲಿ
ಬಾಗಿದ ಕೊಕ್ಕಿನಿಂದ ತಡಕಾಡುತ್ತಿತ್ತು,
ಕಳೆದ ಕಡತ ಹುಡುಕುವ ಗುಮಾಸ್ತನ ಹಾಗೆ.
ನೀನು ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ.
ಚುಕ್ಕೆ ಇದ್ದಲ್ಲೇ ಇತ್ತು.

ನೀನು ಹೋದದ್ದು ಮೇ ತಿಂಗಳಲ್ಲಿ,
ಮೋಡ ಕವಿದೂ ಹನಿಯದ ಒಂದು ಮಧ್ಯಾಹ್ನ.
ಮಳೆ ಬಂದದ್ದು ಸೆಪ್ಟೆಂಬರಿನಲ್ಲಿ, ರಾತ್ರಿ ಎರಡಕ್ಕೆ.
ಅಡುಗೆಮನೆಯಲ್ಲಿ ಪಾತ್ರೆಗಳು
ಒಂದಕ್ಕೊಂದು ಮೆಲ್ಲಗೆ ತಾಗುವ ಸದ್ದು.
ದೀಪ ಹಾಕಿ ನೋಡಿದರೆ ನೀರು
ಅರ್ಧ ದೇವರಮನೆಯ ತನಕ ಬಂದು
ಅಲ್ಲೇ ನಿಂತಿತ್ತು.
ಹಾಲ್ ಒಣಗಿತ್ತು, ಸಂಪಂಗಿ!
ಅಕ್ಕಿ ಡಬ್ಬ ಎತ್ತಿಡುವುದು ಬಿಟ್ಟು
ಮೊದಲು ನಕ್ಕೆ ನಾನು. ಆಮೇಲೆ...
ಆಮೇಲಿನದು ಬೇಡ.

ನಿನ್ನ ಅಳತೆ ಟೇಪು ಈಗ ನನ್ನ ಹತ್ತಿರ ಇದೆ,
ನಿನ್ನ ಮಗಳು ತಂದುಕೊಟ್ಟಳು.
ಮೊದಲ ಮೂರು ಅಡಿ ಸವೆದು ಅಂಕಿ ಕಾಣುವುದಿಲ್ಲ,
ನಾಲ್ಕರಿಂದ ಶುರು ಮಾಡಿ ಕಳೆಯಬೇಕು.
ಇವತ್ತು ಸೋಮವಾರ. ಒಂದು ತುದಿ ಜಬೀನಾ ಹಿಡಿದಿದ್ದಾಳೆ
ನನ್ನದೇ ಕಾಂಪೌಂಡಿನ ಒಳಗೆ.
ಅರ್ಜಿಯಲ್ಲಿ ಮನೆಯ ಮಾಲೀಕರ ಹೆಸರು ಬರೆಯುವ ಕಡೆ
ಪೆನ್ನು ನಿಂತಿದೆ, ನಿನ್ನದು ನಿಂತ ಹಾಗೆ.
ಟೀ ಸೋಸಿ ಇಟ್ಟಿದ್ದೇನೆ.
ಆರುತ್ತಿದೆ.