ಎಡಗೆನ್ನೆಗೆ ಗಾಳಿ

ಬಾಗಿಲನ್ನು ಧಡಾರನೆ ಹಾಕಬೇಡ, ಡಾಸನ್.
ಪಿಕಪ್ಪಿನ ಬಾಗಿಲು ಬಡಿದ ಸದ್ದು
ಇಲ್ಲಿ ಮೈಲಿಗಟ್ಟಲೆ ನಡೆಯುತ್ತದೆ, ಬರಿಗಾಲಲ್ಲಿ.
ಹೀಗೆ, ಸೊಂಟದಿಂದ ಒತ್ತು. ಟಕ್ ಅಂದರೆ ಸಾಕು.
ಮಾತೇನಿದ್ದರೂ ಈಗಲೇ ಮುಗಿಸು.
ತಂತಿಬೇಲಿ ದಾಟಿದ ಮೇಲೆ ನಾನು ನಿನ್ನ ಅತ್ತೆ ಆರ್ಲೀನ್ ಅಲ್ಲ,
ಮರಳಲ್ಲಿ ನೆಟ್ಟ ಒಂದು ಯಕ್ಕಾ ಪೊದೆ.

ದಿಬ್ಬದ ನೆತ್ತಿ ತುಳಿಯಬೇಡ.
ಆಕಾಶಕ್ಕೆ ಅಂಟಿ ನಿಂತ ಮನುಷ್ಯನನ್ನು
ನೆಬ್ರಾಸ್ಕಾದ ಅರ್ಧ ಜೀವಜಂತು ಎಣಿಸಿಬಿಡುತ್ತದೆ.
ಪಕ್ಕೆ ಹಿಡಿದು ಬಾ, ಹುಲ್ಲಿನ ಮಂಜು ಒಡೆಯದ ಹಾಗೆ.
ಅದು ಆಗದ ಮಾತು, ಬಿಡು;
ಒಡೆದರೂ ಅವಸರವಿಲ್ಲದೆ ಒಡೆಯುವ ಹಾಗೆ.

ಕೂರುವ ಮುಂಚೆ ಗಾಳಿಯನ್ನು ಕೇಳು.
ಎಂಜಲು ಬೆರಳು ಎತ್ತಿದರೆ ಹೇಳುತ್ತದೆ.
ಗಾಳಿ ನೋಡುವ ಪುಡಿ ಅಂತ ಹನ್ನೆರಡು ಡಾಲರ್ ಕೊಟ್ಟು
ನಿನ್ನಪ್ಪ ತಂದ ಡಬ್ಬಿ
ಕಪಾಟಿನಲ್ಲಿ ಇನ್ನೂ ತುಂಬಿಯೇ ಇದೆ.

ಕಯೋಟಿ ತೋಳವಲ್ಲ, ನರಿಯೂ ಅಲ್ಲ.
ಇಬ್ಬರಿಂದಲೂ ಬುದ್ಧಿ ಸಾಲ ತಂದು
ಬಡ್ಡಿ ಕಟ್ಟದೆ ತಿರುಗುವ ಪ್ರಾಣಿ.
ನೆಟ್ಟಗೆ ಬರುವುದಿಲ್ಲ. ಬಳಸಿ ಬರುತ್ತದೆ,
ನಿನ್ನ ವಾಸನೆ ಹರಿದುಹೋಗುವ ದಿಕ್ಕಿನಿಂದ,
ನೀನು ಯಾರೆಂದು ಮೂಗಿನಲ್ಲಿ ಓದಿಕೊಂಡು.
ಅದಕ್ಕೇ ಎಡಗೆನ್ನೆಗೆ ಗಾಳಿ, ಬಲಕ್ಕೆ ಕಣ್ಣು,
ಬೆನ್ನಿಗೆ ಸೂರ್ಯ, ತೊಡೆಯ ಮೇಲೆ ಬಂದೂಕು.
ತಲೆ ತಿರುಗಿಸಬೇಡ, ಗುಡ್ಡೆಯಷ್ಟೇ ಹೊರಳಲಿ.
ಮೂಗು ಸೋರಿದರೆ ಸೋರಲಿ.

ಇನ್ನು ಕೂಗು. ತಗೋ,
ಪ್ಲಮ್ ಕೊಂಬೆ ಕೊರೆದು ನಿನ್ನಜ್ಜ ಮಾಡಿದ್ದು.
ಬಾಯಿ ಇಡುವಲ್ಲಿ ಮೂವರ ಹಲ್ಲಿನ ಗುರುತಿದೆ.
ಇದನ್ನು ಊದುವುದಲ್ಲ, ಅಳುವುದು.
ನೀನೀಗ ಮುಳ್ಳುತಂತಿಗೆ ಸಿಕ್ಕ ಮೊಲ,
ಹಿಂಗಾಲು ಮುರಿದಿದೆ, ಮೇಲೆ ಗಿಡುಗದ ನೆರಳು.
ನಿನ್ನೆ ಕೊಟ್ಟಿಗೆಯಲ್ಲಿ ಊದಿದೆಯಲ್ಲ,
ಅದು ಹುಟ್ಟುಹಬ್ಬದ ಪೀಪಿ, ಕರುಗಳೂ ನಕ್ಕವು.
ನಾಚಿಕೆ ಬಿಟ್ಟು ಅಳು. ಅರ್ಧ ನಿಮಿಷ.
ಆಮೇಲೆ ಸುಮ್ಮನಾಗು.
ಸುಮ್ಮನಿರುವುದೇ ಮುಕ್ಕಾಲು ಕಸುಬು.
ಇಪ್ಪತ್ತು ನಿಮಿಷ ಕಾಯಿ. ಹತ್ತೊಂಬತ್ತಕ್ಕೆ ಎದ್ದು
ಬಟ್ಟೆ ಕೊಡವಿಕೊಳ್ಳುವವರನ್ನು
ಇಪ್ಪತ್ತನೆಯದಕ್ಕೆ ಕಯೋಟಿ ನೋಡಿ ನಗುತ್ತದೆ.

ಓಡುತ್ತಾ ಬಂದರೆ ಒಮ್ಮೆ ಬೊಗಳು, ನಿಲ್ಲುತ್ತದೆ.
ನಿಂತದ್ದರ ಹಿಂದೆ ಏನಿದೆ ನೋಡು:
ಗಾಳಿಯಂತ್ರದ ತೊಟ್ಟಿಯೋ, ಹಸುವೋ, ಯಾರದೋ ಸೂರೋ.
ಗುಂಡಿಗೆ ನಿಲ್ಲು ಅನ್ನುವ ಭಾಷೆ ಬಾರದು.

ಮತ್ತೆ ಬಾಲ. ಇದನ್ನು ಮರೆತರೆ ಉಳಿದದ್ದೆಲ್ಲ ದಂಡ.
ಕಯೋಟಿ ಓಡುವಾಗ ಬಾಲ ಕೆಳಗೆ.
ಬಣ್ಣ ನಂಬಬೇಡ. ಸಂಜೆ ಎಲ್ಲವೂ ಬೂದಿ.

ಒಂಬತ್ತು ವರ್ಷದ ಹಿಂದೆ, ಫೆಬ್ರವರಿ,
ಕರು ಹಾಕುವ ಕಾಲ, ಮೂರು ರಾತ್ರಿ ನಿದ್ದೆಯಿಲ್ಲ.
ಇದೇ ಕೊಂಬೆಯಲ್ಲಿ ಅತ್ತೆ.
ಆ ಪೊದೆಗಳಾಚೆಯಿಂದ ಬಂತು ಬೂದು ಬಣ್ಣದ್ದೊಂದು,
ಬಳಸದೆ, ನೆಟ್ಟಗೆ, ನನ್ನ ಕಡೆಗೇ.
ಆಗಲೇ ತಿಳಿಯಬೇಕಿತ್ತು.
ಲಾರ್ಸ್ ಓಡೆಗಾರ್ಡನ ಪಿಪ್.
ಹದಿಮೂರು ವರ್ಷ, ಒಂದು ಕಿವಿ ಕಿವುಡು.
ಕೇಳುವ ಕಿವಿಗೆ ನನ್ನ ಅಳು ಬಿದ್ದಿತ್ತು.

ಕೋಟಿನಲ್ಲಿ ಸುತ್ತಿ ಎರಡು ಮೈಲಿ ನಡೆದೆ.
ಗಾಡಿ ಇತ್ತು. ಆದರೂ ನಡೆದೆ.
ಲಾರ್ಸ್ ಒಂದು ಮಾತೂ ಬಯ್ಯಲಿಲ್ಲ,
ಒಳಗೆ ಕರೆದು ಕಾಫಿ ಕೊಟ್ಟ.
ಆ ಕಾಫಿ ಇನ್ನೂ ಗಂಟಲಿಂದ ಇಳಿದಿಲ್ಲ.
ಅಳು ಕೇಳಿ ಓಡಿಬರುವುದೆಲ್ಲ
ಹಸಿದೇ ಬರುವುದಿಲ್ಲ, ಡಾಸನ್.

ಸಾಕು. ಕೊಂಬೆ ಬಾಯಿಗಿಡು.
ಅಳು.
ಹ್ಞಾಂ, ಹಾಗೆ. ಇನ್ನೂ ಸಣ್ಣಗೆ.
ನಿಲ್ಲಿಸು.

ಬಲಗಡೆ ಮ್ಯಾಗ್‌ಪೈ ಹಕ್ಕಿ ಗದರಿಕೊಂಡು ಎದ್ದಿತು.
ತಲೆ ಅಲ್ಲ, ಕಣ್ಣು.
ಉಸಿರನ್ನು ಸ್ಕಾರ್ಫಿನೊಳಗೆ ಬಿಡು.
ಮೊದಲು ಬಾಲ.
ಕಂಡಿತೆ?