ವೆಲಿಂಗ್ಟನ್ ಬೀದಿಯ ಕೆಳಗೆ

ನಾನು ಸೇರಿದ್ದು ಐವತ್ತೇಳರಲ್ಲಿ, ಫೆಬ್ರವರಿ.
ಹಲ್ ಊರಿನ ಕಾಗದದ ಗಿರಣಿ ಬಿಟ್ಟು
ಹೊಳೆ ದಾಟಿ ಆಟವಾಕ್ಕೆ ಬಂದಿದ್ದೆ,
ಅಂಗಿಯಲ್ಲಿನ್ನೂ ಗಂಧಕದ ವಾಸನೆ.
ಒವಿಲಾ ಶಾರೋನ್, ತೂಕದವನು, ಎಂದು ಬರೆದುಕೊಂಡರು.
ಮೊದಲು ತೋಳು ನೋಡಿದರು, ಆಮೇಲೆ ಬಾಯಿ.
ತೋಳು ಗಟ್ಟಿ ಇರಬೇಕು, ಬಾಯಿ ಅದಕ್ಕಿಂತ.

ಒಂದೊಂದು ಗಟ್ಟಿಯೂ ಹನ್ನೆರಡೂವರೆ ಕಿಲೋ.
ಮೊದಲ ಸಲ ಎತ್ತಿದವನಿಗೆ ನಗು ಬರುತ್ತದೆ:
ಇಷ್ಟು ಚಿಕ್ಕದು, ಇಷ್ಟು ಹಟ!
ಎಚ್ಚರವಿರುವುದಕ್ಕಿಂತ
ನಿದ್ದೆಗೆ ಬಿದ್ದ ಮಗು ಭಾರ, ಹಾಗೆ.

ತೂಗುವಾಗ ಉಸಿರು ಬಿಗಿಹಿಡಿಯಬೇಕು.
ಮೇಲೆ ಟ್ರಾಮ್ ಹೋದರೆ ಮುಳ್ಳು ನಡುಗುತ್ತದೆ,
ಹೋಗಲಿ ಅಂತ ಕಾಯಬೇಕು.
ಹೀಗೆ ಕಾಯುತ್ತ ಕಾಯುತ್ತ
ಎಷ್ಟು ಗಂಟೆ ಉಸಿರಾಡದೆ ಕಳೆದೆನೋ,
ಅದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಊಟದ ಹೊತ್ತಿಗೆ ಮೊಟ್ಟೆ ಸುಲಿಯುತ್ತ
ಡನ್ಸ್‌ಮೋರ್ ಯುದ್ಧದ ಕತೆ ತೆಗೆಯುತ್ತಿದ್ದ:
ಹಡಗುಗಟ್ಟಲೆ ಬಂತಂತೆ ಸಾಗರದಾಚೆಯಿಂದ,
ಊರನ್ನು ಶತ್ರುವಿಗೆ ಬಿಟ್ಟು ಓಡಿದ ದೊರೆಗಳ ಚಿನ್ನ.
ಕೆಲವು ಪೆಟ್ಟಿಗೆಯ ಅಂಚಿಗೆ ಮೀನಿನ ಪೊರೆ ಅಂಟಿತ್ತಂತೆ.
"ಅದು ಬೇರೆಯವರದ್ದು, ಬಂದರು, ಒಯ್ದರು.
ನಮ್ಮದು ಎಲ್ಲೂ ಹೋಗುವುದಿಲ್ಲ."
ಉಪ್ಪು ಉದುರಿಸಿಕೊಂಡ.

ನಮ್ಮದು ಆಗ ಏರುತ್ತಿತ್ತು. ಅರವತ್ತೈದರಲ್ಲಿ
ಸಾವಿರ ಟನ್ನು ದಾಟಿತು.
ಆ ರಾತ್ರಿ ರೊಲಾಂಡ್‌ಗೆ ಹೇಳಬೇಕೆನಿಸಿತು. ಹೇಳಲಿಲ್ಲ.
ಅವಳು ಹಾಲಿನವನ ಬಾಕಿ ಕೂಡುತ್ತಿದ್ದಳು,
ಮೂರು ಸಲ ಕೂಡಿದರೂ ಅಷ್ಟೇ ಬರುತ್ತಿತ್ತು.

ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತ ಗಾದೆ.
ಇಲ್ಲಿ ಕೂತದ್ದೇ ಹೊನ್ನು.
ಉಣ್ಣಲಿಲ್ಲ, ಉಡಲಿಲ್ಲ, ಯಾವ ಕೊರಳಿಗೂ ಬೀಳಲಿಲ್ಲ,
ಕತ್ತಲಲ್ಲಿ ಕೂತು
ಕಾಗದದ ನೋಟಿಗೆ ಧೈರ್ಯ ಹೇಳುತ್ತಿತ್ತು.
ಆಮೇಲೊಂದು ದಿನ ಮೇಲಿನವರಿಗೆ ಅನ್ನಿಸಿತು,
ನೋಟಿಗೆ ಈಗ ಧೈರ್ಯ ಬಂದಿದೆ.

ಎಂಬತ್ತರ ಸುಮಾರಿಗೆ
ಬಾಗಿಲ ಬಳಿ ಗಾಡಿ ತಿರುಗುವ ದಿಕ್ಕು ಬದಲಾಯಿತು.
ಅದೇ ತಕ್ಕಡಿ, ಅದೇ ಮುಳ್ಳು, ಅದೇ ನನ್ನ ರುಜು,
ಖಾತೆಯಲ್ಲಿ ಮಾತ್ರ ಎಡದ ಅಂಕಣ ಬಿಟ್ಟು ಬಲಕ್ಕೆ.
ಮೊದಲು ಒಳಮೂಲೆಯ ಸಾಲು ಬರಿದಾಯಿತು,
ಆಮೇಲೆ ನಡುವಿನದು.
ನಮ್ಮ ಮಾತು ಮರುದನಿ ಕೊಡತೊಡಗಿತು.
ತೊಂಬತ್ತರ ಹೊತ್ತಿಗೆ
ಕೆಮ್ಮಿದರೂ ಯಾರೋ ಓಗೊಟ್ಟಂತೆ.

"ಇದಕ್ಕೆ ಬಡ್ಡಿ ಹುಟ್ಟುವುದಿಲ್ಲ," ವಿವರಿಸಿದ ತರುಣ ಅಧಿಕಾರಿ,
"ಕಾಯುವುದಕ್ಕೇ ಖರ್ಚು."
ನನ್ನ ಮುಖ ನೋಡಿ ನಾಚಿಕೊಂಡ.
ಆ ಖರ್ಚು ನಾನೇ.
ಅವನು ಹೇಳಿದ್ದು ತಪ್ಪಲ್ಲ, ಈಗಲೂ ಹಾಗೇ ಅನ್ನಿಸುತ್ತದೆ
ಬೆಳಿಗ್ಗೆ. ರಾತ್ರಿಯ ಮಾತು ಬೇರೆ.

ನಿವೃತ್ತಿಗೆ ಗಡಿಯಾರ ಕೊಟ್ಟರು, ಚಿನ್ನದ ಬಣ್ಣದ್ದು.

ಎರಡು ಸಾವಿರದ ಹದಿನಾರು, ಚಳಿ ಇನ್ನೂ ಬಿಟ್ಟಿರಲಿಲ್ಲ.
ಗಿಲೆನ್ ಫೋನು ಮಾಡಿದಳು, ನನ್ನ ನಂತರ ಕೆಳಗಿದ್ದವಳು:
"ಕೊನೆಯ ನಾಣ್ಯಗಳೂ ಹೋದವು. ಸೊನ್ನೆ ಹಾಕಿದರು."
"ಹೇಗೆ ಹಾಕಿದರು?"
"ಹೇಗೆ ಅಂದರೆ?"
"ದುಂಡಗೆ ಬರೆದರೋ, ಬರೀ ಗೀಟು ಎಳೆದರೋ?"
"ಕಂಪ್ಯೂಟರಿನಲ್ಲಿ," ಅಂದಳು, ಮೆಲ್ಲಗೆ.

ಅಡುಗೆಮನೆಯಲ್ಲಿ ರೊಲಾಂಡ್ ಹಿಟ್ಟು ನಾದುತ್ತಿದ್ದಳು.
"ನಿನ್ನ ಉಂಗುರ ಕೊಡು."
"ಮದುವೆಯಾಗಿ ಇಷ್ಟು ವರ್ಷಕ್ಕೆ ವಾಪಸು ಕೇಳುತ್ತೀಯಾ?"
ಸೋಪು ಹಚ್ಚಿ, ತಿರುಚಿ, ಬೈದು ತೆಗೆದಳು.
ಮೂರು ಗ್ರಾಂ ಇರಬಹುದು, ಅಪರಂಜಿಯಲ್ಲ,
ಅಂಚಿಗೆ ಒಣಗಿದ ಹಿಟ್ಟು.
"ಈ ದೇಶದ ಖಜಾನೆಗಿಂತ ನೀನು ಮೂರು ಗ್ರಾಂ ಮುಂದೆ."
"ಹಾಗಾದರೆ ಆಲೂಗಡ್ಡೆ ನೀನೇ ಸುಲಿ."

ಹಿಟ್ಟಿನ ತಕ್ಕಡಿಯ ತಟ್ಟೆಯಲ್ಲಿಟ್ಟೆ.
ಮುಳ್ಳು ಅಲ್ಲಾಡಲಿಲ್ಲ, ಅದಕ್ಕೆ ಇಷ್ಟು ಸಣ್ಣದು ಕಾಣದು.
ಹೊರಗೆ ಬಸ್ಸು ಹೋಯಿತು. ಆಗ ನಡುಗಿತು.
"ಉಸಿರು ಬಿಡು, ಮಾರಾಯ," ಅಂದಳು ರೊಲಾಂಡ್.
ಬಸ್ಸು ಪೂರ್ತಿ ಹೋಗಲಿ ಅಂತ
ಕಾಯುತ್ತಿದ್ದೆ.