ಮೇಜಿನ ಆಚೆ ಬದಿ

ವಿರಾಜಪೇಟೆಯ ನಮ್ಮ ಕಾಲೇಜಿನಲ್ಲಿ
ಎನ್‌ಸಿಸಿ ಸಾಮಾನಿನ ಕೋಣೆಯೊಂದಿದೆ.
ಹರಿದ ಡೇರೆ, ತುಕ್ಕು ಹಿಡಿದ ಟ್ರಂಕು,
ಒಂದು ಕಾಲು ಗಿಡ್ಡವಾದ ಮೇಜು.
ಆ ಕಾಲಿನಡಿ ಹೋದ ವರ್ಷದ ಪ್ರಶ್ನೆಪತ್ರಿಕೆಯನ್ನು
ನಾಲ್ಕು ಮಡಿಕೆ ಮಾಡಿ ಇಟ್ಟವಳು ನಾನೇ.

ಮೇಜಿನ ಆಚೆ ಬದಿಗೆ ನಾನು ಕೂರುತ್ತಿದ್ದೆ.
ಯಾರೂ ನೇಮಿಸಿದ್ದಲ್ಲ.
ದನಿ ಗಡುಸು, ನಗು ಬೇಗ ಬರುವುದಿಲ್ಲ,
ಮ್ಯಾನೇಜರ್ ಆಗಲು ಅಷ್ಟು ಸಾಕು ಅಂದರು.
'ನಳಿನಾಕ್ಷಿ ಮೇಡಂ, ಒಳಗೆ ಬರಬಹುದಾ?'
ಕೋಣೆಗೆ ಬಾಗಿಲಿಲ್ಲ;
ಟ್ರಂಕಿನ ಮುಚ್ಚಳ ತಟ್ಟಿ ಬರುತ್ತಿದ್ದರು.

ಬೋಪಣ್ಣನಿಗೆ ತನ್ನ ಹೆಸರೇ ಮೊದಲ ಏರು.
ಬೋ, ಬೋ, ಎಂದು
ಮರ ಹೇರಿದ ಲಾರಿ ತಿರುವಿನಲ್ಲಿ
ಗೇರು ಸಿಗದೆ ನಿಂತಂತೆ ನಿಲ್ಲುತ್ತಿದ್ದ.
ನಾವು ಮಾಡಿಕೊಂಡ ನಿಯಮ ಒಂದೇ:
ಅವನ ಮಾತನ್ನು ಯಾರೂ ಮುಗಿಸಿಕೊಡಬಾರದು.
ಅವನ ಹೆಸರಿನ ಹೊಸ್ತಿಲಲ್ಲಿ
ಚಪ್ಪಲಿ ಬಿಟ್ಟು ಎಲ್ಲರೂ ಕಾಯುತ್ತಿದ್ದೆವು.

ಸೆಲ್ವಿಯ ಅರ್ಜಿಯಲ್ಲಿ 'ಅನುಭವ' ಎಂಬಲ್ಲಿ
'ಇಲ್ಲ' ಎಂದಿತ್ತು, ಪೆನ್ಸಿಲಿನಲ್ಲಿ, ದುಂಡಗೆ.
ಶನಿವಾರ ಏನು ಮಾಡ್ತೀ, ಕೇಳಿದೆ.
'ಅಪ್ಪನ ಜೊತೆ ತೂಕದ ಹತ್ರ ನಿಲ್ತೀನಿ.
ರೈಟರಿಗೆ ಕಣ್ಣು ಮಂಜು. ಚೆಕ್‌ರೋಲು ನಾನೇ ಬರೀತೀನಿ.'
ಎಷ್ಟು ವರ್ಷದಿಂದ?
'ಎಂಟನೇ ಕ್ಲಾಸಿಂದ.'
ಎಷ್ಟು ಜನರದ್ದು?
'ನಮ್ಮ ಲೈನು, ಮೇಲಿನ ಲೈನು ಸೇರಿ ಅರವತ್ತೆರಡು.'
ಒಂದು ದಿನವಾದರೂ ಲೆಕ್ಕ ತಪ್ಪಿತ್ತಾ?
ಅವಳಿಗೆ ಸಿಟ್ಟೇ ಬಂತು.
'ತಪ್ಪಿದ್ರೆ ಯಾರ ಮನೇಲೋ ಅಕ್ಕಿ ಕಮ್ಮಿ ಆಗತ್ತಲ್ಲ!'
ಜುನೈದ್ ರಬ್ಬರು ತೆಗೆದು
'ಇಲ್ಲ'ವನ್ನು ಉಜ್ಜಿದ.
ಹಾಳೆ ಸ್ವಲ್ಪ ಹರಿಯಿತು.

ಜೆರಾಕ್ಸ್ ಅಂಗಡಿಯ ಮೊಯ್ದುಕಾಕ
ಮೂರು ಅರ್ಜಿಗೆ ದುಡ್ಡು ತಗೊಂಡು
ನಾಲ್ಕನೆಯದನ್ನು ಗೋಡೆಯ ಮೇಲೆ ಗೀಟು ಹಾಕುತ್ತಿದ್ದರು,
ಕೆಲಸ ಸಿಕ್ಕಮೇಲೆ ಕೊಡಿ ಅಂತ.

ಜುನೈದನ ಕಾಲು ಒಂಬತ್ತು,
ನಮ್ಮಲ್ಲಿದ್ದ ಕರಿ ಬೂಟು ಎಂಟು.
ಫೋಟೋ ಸ್ಟುಡಿಯೋದ ಕೋಟಿನಂತೆ ಅದೂ ಎಲ್ಲರದು.
ಬೆರಳು ಮಡಚಿಕೊಂಡೇ ಕುಶಾಲನಗರಕ್ಕೆ ಹೋದ,
ಕಾಫಿ ಕ್ಯೂರಿಂಗ್ ವರ್ಕ್ಸಿಗೆ.
ಪ್ರಶ್ನೆಯನ್ನೇ ಕೇಳಲಿಲ್ಲವಂತೆ ಪುಣ್ಯಾತ್ಮರು,
ಒಣಗಿಸುವ ಕಣದ ಸುತ್ತ ಒಂದು ಗಂಟೆ ನಡೆಸಿದರಂತೆ.
ಹಿಮ್ಮಡಿಯಲ್ಲಿ ಬೊಬ್ಬೆ, ಕೈಯಲ್ಲಿ ನೇಮಕದ ಕಾಗದ.
ಮುಂದಿನವರದು ಸಣ್ಣ ಕಾಲಿದ್ದರೆ ಎಂದು
ಬೂಟಿನೊಳಗೆ ಹತ್ತಿ ತುರುಕಿ ವಾಪಸು ಇಟ್ಟ.

ಸೆಲ್ವಿಗೂ ಆಯಿತು, ಅಮ್ಮತ್ತಿಯ ಸಹಕಾರ ಸಂಘದಲ್ಲಿ,
ಬರುವ ಒಂದನೇ ತಾರೀಕಿನಿಂದ.
ಬೋಪಣ್ಣ ಹೋಗುತ್ತಿದ್ದಾನೆ, ಬರುತ್ತಿದ್ದಾನೆ.
ಒಂದು ಕಡೆ ಅವನ ಹೆಸರನ್ನು
ಅವರೇ ಓದಿ ಮುಗಿಸಿದರಂತೆ.
'ಅಲ್ಲೇ ಸೋತೆ' ಅಂದ, ತಡವರಿಸದೆ.
ಮೊಯ್ದುಕಾಕನ ಗೋಡೆಯಲ್ಲಿ ಅವನದು ಮೂರು ಗೀಟು.
ಅಳಿಸಿಲ್ಲ, ಕೇಳಿಯೂ ಇಲ್ಲ.

ಹೂಮಳೆ ಬಿದ್ದು ಒಂಬತ್ತನೇ ದಿನ ನನಗೂ ಕಾಗದ ಬಂತು.
ಬುಧವಾರ, ಮಡಿಕೇರಿ, ಬೆಳಿಗ್ಗೆ ಹತ್ತೂವರೆ.
ಊರಿಗೆಲ್ಲ ಕಾಫಿಹೂವಿನ ಪರಿಮಳ, ನನಗೆ ತಲೆನೋವು.
ಕುರ್ಚಿ ಬದಲಿಸು ಅಂದರು.
ಆಚೆ ಬದಿಗೆ ಸೆಲ್ವಿ, ನನ್ನದೇ ಗಡುಸು ದನಿಯಲ್ಲಿ:
'ನಿಮ್ಮ ಬಗ್ಗೆ ಹೇಳಿ.'

ಎಷ್ಟು ಸಲ ಎಸೆದ ಪ್ರಶ್ನೆ!
ಈ ಕಡೆಯಿಂದ ಅದು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.
ಬಾಯಿಗೆ ಬಂದದ್ದು ಅರವತ್ತೆರಡು ಹೆಸರಿನ ಚೆಕ್‌ರೋಲು,
ಎಂಟರ ಬೂಟಿನಲ್ಲಿ ಒಂಬತ್ತರ ಕಾಲು.
ನನ್ನದು ಯಾವುದೆಂದು ಹುಡುಕಿದರೆ
ಮೇಜಿನ ಕೆಳಗೆ ನಾಲ್ಕು ಮಡಿಕೆಯ ಕಾಗದ.

'ನಾನು' ಅಂದೆ.
ಮುಂದೆ ಬರಲಿಲ್ಲ.
ಜುನೈದ್ ತುಟಿ ತೆರೆದ.
ಬೋಪಣ್ಣ ಅವನ ಮೊಣಕಾಲಿನ ಮೇಲೆ ಕೈ ಇಟ್ಟ.

ಗಡಿಯಾರ ಕಂಬದಲ್ಲಿ ಐದೂ ಮುಕ್ಕಾಲು.
ಸಿದ್ದಾಪುರದ ಕಡೇ ಬಸ್ಸು ಹಾರನ್ ಹೊಡೆಯಿತು,
ಒಮ್ಮೆ, ಇನ್ನೊಮ್ಮೆ,
ಹೋಯಿತು.
ಸೆಲ್ವಿ ಕಿಟಕಿಯ ಕಡೆ ನೋಡಲೂ ಇಲ್ಲ.
ಪೆನ್ನಿನ ಮುಚ್ಚಳ ತೆಗೆದು
ಕಾಯುತ್ತಿದ್ದಾಳೆ.